ಹಲಗೆಯ ಕೆಳಗೆ ಬಿಟ್ಟ ಒಂದು ಗೆರೆ ಜಾಗ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಅಂತ ಹದಿನೆಂಟು ದಿನದಿಂದ ಒದ್ದಾಡುತ್ತಿದ್ದೇನೆ. ಮೊದಲ ಡ್ರಾಫ್ಟು ಹೀಗಿತ್ತು: 'ಕೃಷ್ಣಾ ನದಿಯ ಮೇಲೆ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ.' ಹರಿದು ಹಾಕಿದೆ. ಅದು ಜೂನ್ ತಿಂಗಳು, ಮಂಜು ಗಿಂಜು ಏನೂ ಇರಲಿಲ್ಲ, ಬರೀ ಬೆವರಿತ್ತು. ಎರಡನೆಯದು: 'ಶಿಕ್ಷಣ ಎಂದರೇನು?' ಓದಿ ನನಗೇ ಆಕಳಿಕೆ ಬಂತು. ಮೂರನೆಯದರಲ್ಲಿ ಪಿಸಾಳಬಾಯಿ ತೀರಿಕೊಂಡಿದ್ದರು, ಊರೆಲ್ಲ ಸೇರಿ ಅವರನ್ನು ನೆನೆಯುತ್ತಿತ್ತು. ಅದನ್ನು ಪಿಸಾಳಬಾಯಿಗೆ ಓದಿ ಹೇಳಿದೆ. ಶನಿವಾರ ಪುರಣಪೋಳಿ ಮಾಡುವುದಿದೆ, ಬೇಳೆ ತಂದಿಟ್ಟಾಗಿದೆ, ಅದಕ್ಕೂ ಮುಂಚೆ ಸಾಯಲು ಪುರುಸೊತ್ತಿಲ್ಲ ಎಂದರು.

ಹಾಗಾಗಿ ಅವರನ್ನು ಬದುಕಿಸಿಯೇ ಶುರು ಮಾಡುತ್ತೇನೆ.

ಪಿಸಾಳಬಾಯಿ ಎಂದರೆ ಕುಮುದಿನಿ ಪಿಸಾಳ. ವಯಸ್ಸು ಎಪ್ಪತ್ತೇಳು. ಊರಿನ ಸರ್ಕಾರಿ ಮರಾಠಿ ಶಾಲೆ ನಂಬರ್ ಐದರಲ್ಲಿ ಮೂವತ್ನಾಲ್ಕು ವರ್ಷ ಪಾಠ ಹೇಳಿ ನಿವೃತ್ತರಾದವರು. (ಕನ್ನಡದ ಓದುಗರು ನಗಬಾರದು. ಇಲ್ಲಿ ಟೀಚರಮ್ಮನನ್ನು ಬಾಯಿ ಎಂದೇ ಕರೆಯುವುದು.) ಊರು ಸಾತಾರಾ ಕಡೆಯದು ಅಂತಷ್ಟೇ ಹೇಳುತ್ತೇನೆ. ಹೆಸರು ಹಾಕಿದರೆ ಯಾರಾದರೂ ಮನೆ ಹುಡುಕಿಕೊಂಡು ಬಂದು ಚಹಾ ಕೇಳುತ್ತಾರೆ ಅಂತ ಅವರಿಗೆ ಹೆದರಿಕೆ.

ನಾನು ಜಮಖಂಡಿ ಕಡೆಯವನು. ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿನ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡಲು ಬಂದೆ, ಇಲ್ಲಿಯವಳನ್ನೇ ಮದುವೆಯಾದೆ, ಇಲ್ಲೇ ಉಳಿದೆ. ನಾವಿರುವ ಓಣಿಯ ಹೆಸರು ಶುಕ್ರವಾರ ಪೇಠೆ, ಅಲ್ಲಿಯವರು ನನ್ನನ್ನು 'ಕಾನಡಿ ಸಾಹೇಬ' ಎನ್ನುತ್ತಾರೆ. ಸಾಹೇಬ ಅನ್ನುವುದು ಗೌರವಕ್ಕೋ ಚೇಷ್ಟೆಗೋ ಇನ್ನೂ ಗೊತ್ತಾಗಿಲ್ಲ. ಅದಿರಲಿ, ಈ ಕಥೆಯಲ್ಲಿ ನನಗೆ ಪಾತ್ರವಿಲ್ಲ.

(ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ.)

೨

ಪೇಠೆಯ ಚೌಕದಲ್ಲಿ, ಬಬನ್ ಕಾಶಿದನ ಕ್ಷೌರದಂಗಡಿಯ ಪಕ್ಕದ ಗೋಡೆಗೆ ಒಂದು ಕರಿಹಲಗೆ ಇದೆ. ಗಣಪತಿ ಮಂಡಳದವರದು. ಯಾರಾದರೂ ತೀರಿಕೊಂಡರೆ ಅದರ ಮೇಲೆ ಹೆಸರು, ಅಂತ್ಯಕ್ರಿಯೆಯ ಹೊತ್ತು ಬರೆಯುತ್ತಾರೆ. ಸಾವಿಲ್ಲದ ದಿನ ಹಲಗೆ ಪಿಸಾಳಬಾಯಿಯದು. ಹತ್ತೊಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಆರೂವರೆಗೆ ಬಂದು, ಬಬನ್ ಕೊಟ್ಟ ಸ್ಟೂಲಿನ ಮೇಲೆ ನಿಂತು, ಮರಾಠಿಯಲ್ಲಿ ಮೂರು ವಿಷಯ ಬರೆಯುತ್ತಾರೆ. ದೇಶ, ಶಾಲೆ, ಮನೆ. ಒಂದೊಂದಕ್ಕೂ ಎರಡು ಮೂರು ಗೆರೆ. ಒಂದು ದಿನದ್ದನ್ನು ನಾನು ಬರೆದಿಟ್ಟುಕೊಂಡಿದ್ದೇನೆ:

ದೇಶ: ನಿನ್ನೆ ಸಂಸತ್ತಿನಲ್ಲಿ ಬಹಳ ಗದ್ದಲವಾಯಿತಂತೆ. ನನ್ನ ನಾಲ್ಕನೇ ಕ್ಲಾಸಿನಲ್ಲಿ ಇಷ್ಟು ಗದ್ದಲ ಮಾಡಿದವರನ್ನು ಅರ್ಧ ಗಂಟೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಶಾಲೆ: ಹತ್ತನೇ ಕ್ಲಾಸು ಪಾಸಾದ ಮಕ್ಕಳ ಫ್ಲೆಕ್ಸ್ ಹಾಕಿದ್ದಾರೆ, ಒಳ್ಳೆಯದು. ಆದರೆ ಪಾಸಾದವರ ಮುಖಕ್ಕಿಂತ ಶುಭ ಕೋರಿದವರ ಮುಖ ಮೂರು ಪಟ್ಟು ದೊಡ್ಡದಾಗಿದೆ. ಪರೀಕ್ಷೆ ಯಾರು ಬರೆದದ್ದು?

ಮನೆ: ಮೆಂತ್ಯ ಸೊಪ್ಪಿನ ಎಳೆ ಕಡ್ಡಿ ಎಸೆಯಬೇಡಿ. ಬೇಳೆಗೆ ಹಾಕಿ.

(ವಿಮರ್ಶಕರು ಇದನ್ನು 'ವರ್ತಮಾನದ ಆಪ್ತ ಚಿಂತನೆ' ಎನ್ನಬಹುದು. ಬಬನ್ ಇದಕ್ಕೆ 'ಬಾಯಿಯ ಪೇಪರು' ಎನ್ನುತ್ತಾನೆ. ಬಬನ್ ಹೇಳಿದ್ದೇ ಸರಿ.)

ಹಲಗೆಗೆ ಎರಡು ನಿಯಮವಿದೆ, ಎರಡೂ ಬಾಯಿಯೇ ಮಾಡಿದ್ದು. ಮೊದಲ ವರ್ಷ ಯಾವನೋ ಒಬ್ಬ ಕಾರ್ಪೊರೇಟರನಿಗೆ ಅವರು ಬರೆದದ್ದು ಚುಚ್ಚಿ, ಹತ್ತು ಗಂಟೆಗೇ ಒರೆಸಿಬಿಟ್ಟಿದ್ದ. ಆವತ್ತು ಬಾಯಿ ಚೌಕದಲ್ಲಿ ನಿಂತು, ಹಲಗೆಯ ಮೇಲೆ ಬರೆದದ್ದನ್ನು ಸಂಜೆ ದೀಪ ಹಚ್ಚುವ ತನಕ ಯಾರೂ ಒರೆಸುವ ಹಾಗಿಲ್ಲ, ಯಾರೇ ಬರೆದಿರಲಿ, ಏನೇ ಬರೆದಿರಲಿ ಎಂದರು. ದೀಪ ಹಚ್ಚಿದ ಮೇಲೆ ತಾವೇ ಬಂದು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಎರಡನೇ ನಿಯಮ, ತಳದಲ್ಲಿ ಒಂದು ಗೆರೆಯಷ್ಟು ಜಾಗ ಖಾಲಿ ಬಿಡುವುದು. ಸುಣ್ಣದ ಕಡ್ಡಿಯ ಒಂದು ತುಂಡೂ ಅಲ್ಲೇ ಚೌಕಟ್ಟಿನ ಮೇಲಿರುತ್ತದೆ. ಓದಿದವರಿಗೆ ಏನಾದರೂ ಹೇಳುವುದಿದ್ದರೆ ಅಲ್ಲಿ ಬರೆಯಬಹುದು. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ಬಂದದ್ದೆಲ್ಲ 'ಖರೇ ಅದ', 'ಬಾಯಿಗೆ ನಮಸ್ಕಾರ', ಆಗಾಗ ಒಂದು ಕ್ರಿಕೆಟ್ ಸ್ಕೋರು, ಇಷ್ಟೇ.

೩

ಈಗ ಗಂಟು ಬರಬೇಕು. ಕಥೆ ಅಂದಮೇಲೆ ಗಂಟು ಬೇಕಲ್ಲ.

ಶಾಲೆ ನಂಬರ್ ಐದರಲ್ಲಿ ಈ ವರ್ಷ ಉಳಿದವರು ಹನ್ನೊಂದು ಮಕ್ಕಳು. ಇಪ್ಪತ್ತಾಗದಿದ್ದರೆ ಹೆದ್ದಾರಿಯ ಆಚೆಗಿರುವ ಇನ್ನೊಂದು ಶಾಲೆಗೆ ಸೇರಿಸಿಬಿಡುತ್ತಾರೆ ಎಂಬ ಸುದ್ದಿ ಬಂತು. ಬಾಯಿ ಮನೆಮನೆಗೆ ಹೋಗಲಿಲ್ಲ. ಮನವಿ ಪತ್ರ ಬರೆಯಲಿಲ್ಲ. ತಮ್ಮ ಹಲಗೆಗೆ ಹೋದರು. ಜೂನ್ ಎರಡನೇ ಸೋಮವಾರ 'ಶಾಲೆ'ಯ ಕೆಳಗೆ ಬರೆದರು: ಪಕ್ಕದಲ್ಲೇ ಒಳ್ಳೆಯ ಶಾಲೆ ಇಟ್ಟುಕೊಂಡು ಮಕ್ಕಳನ್ನು ಇಂಗ್ಲಿಷ್ ಶಾಲೆಯ ಹಳದಿ ಬಸ್ಸಿಗೆ ತುಂಬುವವರು ಒಮ್ಮೆ ಕನ್ನಡಿ ನೋಡಿಕೊಳ್ಳಿ. ನಮ್ಮ ಮಾತಿನಲ್ಲಿ ಕಲಿತ ಮಗು ಯಾರಿಗೂ ಕಡಿಮೆಯಲ್ಲ. ನಂಬರ್ ಐದಕ್ಕೆ ಸೇರಿಸಿ.

ಒಂಬತ್ತು ಗಂಟೆಯ ಹೊತ್ತಿಗೆ ತಳದ ಖಾಲಿ ಜಾಗದಲ್ಲಿ ಒಂದು ಗೆರೆ ಬಂದಿತ್ತು.

'ಬಾಯಿ, ನಿಮ್ಮ ಮಗ ಯಾವ ಶಾಲೆಯಲ್ಲಿ ಓದಿದ?'

ಉತ್ತರ ಪೇಠೆಯ ಹಳಬರಿಗೆಲ್ಲ ಗೊತ್ತಿತ್ತು. ಮಗ ಹೇಮಂತ ನದಿಯಾಚೆಯ ಇಂಗ್ಲಿಷ್ ಶಾಲೆಯಲ್ಲಿ ಓದಿದವನು. ಈಗ ಇದೇ ಊರಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಗೊತ್ತಿದ್ದರೂ ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ಬಬನ್ ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಹಾಗೇ ಬಿಟ್ಟು ಒರೆಸಲು ಹೋದನಂತೆ. ಸುದ್ದಿ ಕೇಳಿ ಬಂದ ಬಾಯಿಯೇ ತಡೆದರು. ನಿಯಮ ಅಂದರೆ ನಿಯಮ. ಆ ಗೆರೆ ದಿನವಿಡೀ ಅಲ್ಲೇ ಇತ್ತು. ಸಂತೆಗೆ ಹೋಗುವವರು ಓದಿದರು, ಶಾಲೆಯಿಂದ ಬರುವವರು ಓದಿದರು, ಓದಲು ಬಾರದವರು ಬೇರೆಯವರಿಂದ ಓದಿಸಿಕೊಂಡರು. ಸಂಜೆ ದೀಪ ಹಚ್ಚಿದ ಮೇಲೆ ಬಾಯಿ ಬಂದು ಎಲ್ಲವನ್ನೂ ಒರೆಸಿದರು. ಆ ಗೆರೆಯ ಹತ್ತಿರ ಕೈ ಸ್ವಲ್ಪ ಹೊತ್ತು ನಿಂತಿತ್ತು ಎಂದು ಬಬನ್ ಹೇಳುತ್ತಾನೆ.

(ಆ ಗೆರೆ ಬರೆದವರು ಯಾರು ಎಂಬುದು ಈ ಕಥೆಗೆ ಮುಖ್ಯವಲ್ಲ.)

೫

ಮಂಗಳವಾರ ಬಾಯಿ ಬರಲಿಲ್ಲ. ಹಲಗೆ ಖಾಲಿ. ಬುಧವಾರವೂ ಖಾಲಿ.

ಇಲ್ಲಿ ಒಂದು ವಿಷಯ ಹೇಳಬೇಕು. ಪೇಠೆಯಲ್ಲಿ ಹಲಗೆಯನ್ನು ಒರೆಸಿ ಏನೂ ಬರೆಯದೆ ಬಿಟ್ಟರೆ ಯಾರೋ ಹೋಗಿದ್ದಾರೆ, ಹೊತ್ತು ಇನ್ನೂ ಗೊತ್ತಾಗಿಲ್ಲ, ಪರವೂರಿನ ನೆಂಟರು ಬರುವುದಿದೆ ಎಂದರ್ಥ. ಹಾಗಾಗಿ ಬುಧವಾರ ಬೆಳಿಗ್ಗೆ ಪೇಠೆಯ ಜನ ಪರಸ್ಪರ ಮುಖ ನೋಡಿಕೊಂಡರು. ಯಾರು ಹೋದರು? ಬಾಯಿ ಬೇರೆ ಎರಡು ದಿನದಿಂದ ಕಂಡಿಲ್ಲ. ಅಂದರೆ ಅವರ ಮನೆಯಲ್ಲೇ ಏನೋ ಆಗಿದೆ. ಕೇಳಲು ಹೇಗೆ ಬಾಯಿ ಬರುತ್ತದೆ?

ಕೇಳುವ ಬದಲು, ಇಲ್ಲಿನ ಪದ್ಧತಿಯಂತೆ, ಬಬನ್‌ನ ಹೆಂಡತಿ ಶೇವಂತಾ ಪಿಠಲ ಭಾಕರಿ ಮಾಡಿದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಕಡಲೆಹಿಟ್ಟಿನ ಪಿಠಲ, ಜೋಳದ ರೊಟ್ಟಿ ಒಯ್ದು ಕೊಡಬೇಕು. ಶೇವಂತಾ ತಲೆಯ ಮೇಲೆ ಸೆರಗು ಹೊದ್ದು, ಮುಖ ಸಣ್ಣದು ಮಾಡಿಕೊಂಡು, ಬುಟ್ಟಿ ಹಿಡಿದು ಹೋದಳು. ಬಾಗಿಲಲ್ಲಿ ಬಾಯಿ ಕುಳಿತು ಪೇಪರು ಓದುತ್ತಿದ್ದರು. ಶೇವಂತಾ ಅವರ ಮುಂದೆ ಬುಟ್ಟಿ ಇಟ್ಟಳು. ಬುಟ್ಟಿಗೆ ಮುಚ್ಚಿದ್ದ ಬಟ್ಟೆಯನ್ನು ಬಾಯಿ ಎತ್ತಿ ನೋಡಿದರು.

"ಯಾರು ಸತ್ತಾರ?"

"ಅದನ್ನ ನೀವ ಹೇಳಬೇಕ್ರಿ, ಬಾಯಿ," ಎಂದಳು ಶೇವಂತಾ.

ಅಷ್ಟರಲ್ಲಿ ಇನ್ನೂ ಎರಡು ಮನೆಯಿಂದ ಪಿಠಲ ಬಂತು. ಸುದ್ದಿ ಪಂಪ್‌ಸೆಟ್ ಅಂಗಡಿ ಮುಟ್ಟುವಾಗ ಪಿಸಾಳಬಾಯಿಯೇ ಹೋದರು ಎಂದಾಗಿತ್ತು. ಹೇಮಂತ ಕೈಗೆ ಗ್ರೀಸು ಮೆತ್ತಿಕೊಂಡೇ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದ. ತಾಯಿ ಹೊಸ್ತಿಲ ಮೇಲೆ ಕುಳಿತು ಭಾಕರಿ ಮುರಿಯುತ್ತಿದ್ದುದನ್ನು ಕಂಡು ಅಂಗಳದಲ್ಲೇ ಕುಕ್ಕರಿಸಿದ. ನಲವತ್ತೈದು ವರ್ಷದ ಗಂಡಸು, ಅತ್ತೇಬಿಟ್ಟ. ಆಮೇಲೆ ಕೈ ತೊಳೆದು ಬಂದು ಅವನೂ ಊಟಕ್ಕೆ ಕುಳಿತ. ಮೂರು ಮನೆಯ ಪಿಠಲ ಇತ್ತು, ಯಾಕೆ ಬಿಡಬೇಕು?

(ಹಿಂದಿನೊಂದು ಡ್ರಾಫ್ಟಿನಲ್ಲಿ ಇಲ್ಲಿ ಎರಡು ಪುಟದ ದುಃಖವಿತ್ತು. ಬಾಯಿ ಕೇಳಿ, ನಾವು ಆಗ ಉಣ್ಣುತ್ತಿದ್ದೆವು, ಉಣ್ಣುವಾಗ ಯಾರಾದರೂ ಎರಡು ಪುಟ ದುಃಖ ಪಡುತ್ತಾರೆಯೇ ಎಂದು ಕೇಳಿದರು. ತೆಗೆದುಹಾಕಿದೆ.)

ಉಣ್ಣುತ್ತಾ ಹೇಮಂತ ಹಲಗೆ ಯಾಕೆ ಬಿಟ್ಟೆ ಎಂದು ಕೇಳಿದ. ಬಾಯಿ ಸುತ್ತುಬಳಸಲಿಲ್ಲ. ಕೇಳಿದ್ದಕ್ಕೆ ಉತ್ತರ ಬರೆದರೆ ನಿನ್ನ ಹೆಸರು ಚೌಕದ ಹಲಗೆಯ ಮೇಲೆ ಬರುತ್ತದೆ, ಬರೆಯದೆ ಬೇರೆ ಏನು ಬರೆದರೂ ಸುಳ್ಳಾಗುತ್ತದೆ, ಇನ್ನು ಆ ಕೆಲಸ ಮುಗಿಯಿತು ಎಂದರು. ಹತ್ತೊಂಬತ್ತು ವರ್ಷ ಊರಿಗೆಲ್ಲ ಕನ್ನಡಿ ಹಿಡಿದೆ, ನನ್ನ ಮುಖ ಬಿಟ್ಟು, ಎಂದರು.

ಹೇಮಂತ ತುತ್ತು ನುಂಗಿ ನೀರು ಕುಡಿದ.

"ಆಯಿ, ನನಗ ಇಂಗ್ಲಿಷ್ ಸಾಲಿ ಬ್ಯಾಡಾಗಿತ್ತು ಅಂತಲ್ಲ. ಅಲ್ಲೂ ಛಲೋ ಇತ್ತು. ಆದ್ರ ಬಸ್ಸು ನಿನ್ನ ನಂಬರ್ ಐದರ ಸಾಲಿ ಮುಂದಿಂದ ಹೋಗ್ತಿತ್ತು. ದಿನಾ ಕಿಡಕಿಯಿಂದ ನೋಡ್ತಿದ್ದೆ. ನೀ ಬ್ಯಾರೆಯವ್ರ ಹುಡುಗ್ರಿಗೆ ಕತಿ ಹೇಳ್ತಿದ್ದಿ. ನನಗ ನಿನ್ನ ಕ್ಲಾಸಿನ್ಯಾಗ ಕೂಡೂದಿತ್ತು. ಅಷ್ಟ."

ಬಾಯಿ ಭಾಕರಿ ಕೆಳಗಿಟ್ಟರು. ಈ ಮಾತು ಅವರು ನಲವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಎದೆಗೆ ನಾಟಿತು, ಜೊತೆಗೆ ಯಾಕೋ ಹಗುರವೂ ಆಯಿತು ಎಂದು ಆಮೇಲೆ ನನಗೆ ಹೇಳಿದರು.

"ಬರಿ," ಎಂದ ಹೇಮಂತ. "ನನ್ನ ಹೆಸರು ಹಾಕೇ ಬರಿ."

೬

ಗುರುವಾರ ಬೆಳಿಗ್ಗೆ ಆರೂವರೆಗೆ ಬಬನ್ ಸ್ಟೂಲು ಹೊರಗಿಟ್ಟ. ಬಾಯಿ ಬರೆದದ್ದನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದಿದ್ದೇನೆ:

ದೇಶ: ಇವತ್ತು ದೇಶಕ್ಕೆ ರಜೆ.

ಶಾಲೆ: ನನ್ನ ಮಗ ಹೇಮಂತ ನಂಬರ್ ಐದರಲ್ಲಿ ಓದಲಿಲ್ಲ. ನಾನು ಅಲ್ಲೇ ಪಾಠ ಹೇಳುತ್ತಿದ್ದೆ, ಅವನನ್ನು ನದಿಯಾಚೆ ಕಳಿಸಿದೆ. ನನ್ನ ಪಾಠ ಊರ ಮಕ್ಕಳಿಗೆ ಸಾಕು, ನನ್ನ ಮಗನಿಗೆ ಸಾಲದು ಎಂದು ಹೆದರಿದ್ದೆ. ಅವನಿಗೆ ನನ್ನ ಕ್ಲಾಸಿನಲ್ಲಿ ಕೂರುವ ಆಸೆಯಿತ್ತಂತೆ. ನಾನು ಕೇಳಲೇ ಇಲ್ಲ. ಮಕ್ಕಳನ್ನು ನಂಬರ್ ಐದಕ್ಕೆ ಸೇರಿಸಿ ಎಂದು ಈಗಲೂ ಹೇಳುತ್ತೇನೆ. ಸೇರಿಸದಿದ್ದರೆ ಬೈಯುವುದಿಲ್ಲ. ಆದರೆ ಮಗುವನ್ನು ಒಂದು ಮಾತು ಕೇಳಿ.

ಮನೆ: ಪಿಠಲಕ್ಕೆ ಹಸಿಮೆಣಸು ಶೇವಂತಾ ಹಾಕುವಷ್ಟು ಹಾಕಿದರೆ ಸಾಕು. ನಾವೆಲ್ಲ ಬದುಕಿದ್ದೇವೆ.

ತಳದಲ್ಲಿ ಒಂದು ಗೆರೆ ಜಾಗ ಬಿಟ್ಟು ಇಳಿದರು. ಜನ ಓದಿದರು. ಯಾರೂ ಏನೂ ಬರೆಯಲಿಲ್ಲ. ಬಬನ್ ಮಾತ್ರ ಗಿರಾಕಿಯ ತಲೆ ಬಿಟ್ಟು ಬಂದು ಎರಡು ಸಲ ಓದಿದ. ಅವನು ನಂಬರ್ ಐದರಲ್ಲಿ ಬಾಯಿಯ ಕ್ಲಾಸಿನಲ್ಲೇ ಕುಳಿತವನು. ಆವತ್ತು ದಿನವಿಡೀ ಅವನ ಎದೆ ಒಂದಿಷ್ಟು ಉಬ್ಬಿತ್ತು.

೭

ಈಗ ಅಂತ್ಯ. ನನ್ನ ಹತ್ತಿರ ಮೂರಿವೆ.

ಮೊದಲನೆಯದರಲ್ಲಿ ಹಲಗೆ ಓದಿ ಪೇಠೆಯ ಕಣ್ಣು ತೆರೆಯುತ್ತದೆ, ನಲವತ್ತು ಮಕ್ಕಳು ಸೇರುತ್ತಾರೆ, ಗಂಟೆ ಹೊಡೆಯುತ್ತದೆ. ಎರಡನೆಯದರಲ್ಲಿ ಶಾಲೆಗೆ ಬೀಗ ಬಿದ್ದಿದೆ, ಬಾಯಿ ಒಬ್ಬರೇ ಅದರ ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಮೂರನೆಯದು ನಡೆದದ್ದು: ಇಬ್ಬರು ಹುಡುಗಿಯರು ಸೇರಿದರು. ಈಗ ಹದಿಮೂರು. ಒಬ್ಬ ಅಧಿಕಾರಿ ಬಂದು, ಚಹಾ ಕುಡಿದು, ಏನೋ ಗೀಚಿಕೊಂಡು ಹೋದ. ತೀರ್ಮಾನ ಇನ್ನೂ ಬಂದಿಲ್ಲ.

ಇಷ್ಟನ್ನೂ ನಿನ್ನೆ ಸಂಜೆ ಬಾಯಿಯ ಕಟ್ಟೆಯ ಮೇಲೆ ಕುಳಿತು, ಕನ್ನಡದಿಂದ ಮರಾಠಿಗೆ ತಿರುಗಿಸುತ್ತಾ, ಮೊದಲಿನಿಂದ ಕೊನೆವರೆಗೆ ಓದಿ ಹೇಳಿದೆ. ಅವರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಮೊದಲ ಅಂತ್ಯಕ್ಕೆ, ಪೇಠೆಯಲ್ಲಿ ನಲವತ್ತು ಮಕ್ಕಳು ಹುಟ್ಟೇ ಇಲ್ಲ, ಎಲ್ಲಿಂದ ತಂದೆ ಎಂದರು. ಎರಡನೆಯದಕ್ಕೆ, ಜೂನ್ ಬಿಸಿಲಿನಲ್ಲಿ ಆ ಮೆಟ್ಟಿಲ ಮೇಲೆ ಕತ್ತೆಯೂ ಕೂರುವುದಿಲ್ಲ ಎಂದರು. ಮೂರನೆಯದಕ್ಕೆ ಒಂದು ಕಡ್ಡಿ ಮುರಿದು ಬೇಳೆಗೆಂದು ಪಕ್ಕಕ್ಕಿಟ್ಟರು.

ಆಮೇಲೆ ಕೇಳಿದರು.

"ಮೂರಾದ ಮ್ಯಾಲೆ ಐದು ಹೆಂಗ ಬಂತು?"

ನಾನು ಅಂಕಿ ಸಹಿತ ಓದಿದ್ದು ತಪ್ಪಾಯಿತು. ಬಾಯಿ, ಇದು ಆಧುನಿಕೋತ್ತರ ಕಥೆ, ಇದರಲ್ಲಿ ಅಂಕಿಗಳು ಹೀಗೆ ಹಾರುತ್ತವೆ, ಓದುಗ ತಾನೇ ತುಂಬಿಕೊಳ್ಳಬೇಕು ಎಂದೆ.

"ನಾಲ್ಕನೇ ಲೆಕ್ಕ ಬಿಡಿಸಾಕ ಬರದ ಹುಡುಗ್ರೂ ಹಿಂಗ ಏನಾರ ಹೇಳ್ತಿದ್ರು," ಎಂದರು. "ಓದು."

ಓದಿದೆ.

೪

ಆ ಗೆರೆ ಬರೆದವನು ನಾನು.

ಸೋಮವಾರ ಎಂಟೂವರೆಗೆ ಕಾರ್ಖಾನೆಗೆ ಹೊರಟಿದ್ದೆ. ಹಳದಿ ಬಸ್ಸಿಗೆ ಮಕ್ಕಳನ್ನು ತುಂಬುವವರು ಕನ್ನಡಿ ನೋಡಿಕೊಳ್ಳಿ ಎಂಬುದನ್ನು ಓದಿದೆ. ನನ್ನ ಮಗಳು ಮುಕ್ತಾ ಹತ್ತು ವರ್ಷ ಅದೇ ಹಳದಿ ಬಸ್ಸಿನಲ್ಲಿ ಹೋಗಿದ್ದಾಳೆ. ಅವಳಿಗೆ ಮರಾಠಿ ಓದುವುದೇ ಕಷ್ಟ, ಕನ್ನಡವಂತೂ ಅಕ್ಷರವೇ ಗೊತ್ತಿಲ್ಲ. ಅವಳ ಅಪ್ಪ ಕನ್ನಡದಲ್ಲಿ ಕಥೆ ಬರೆಯುತ್ತಾನೆ, ಅವಳು ಒಂದನ್ನೂ ಓದಲಾರಳು. ಕಲಿಸಬಹುದಿತ್ತು. ಮುಂದಿನ ರಜೆಗೆ ಕಲಿಸೋಣ, ಮುಂದಿನ ರಜೆಗೆ ಕಲಿಸೋಣ ಎಂದುಕೊಂಡು ಅವಳ ಮದುವೆಯೂ ಆಗಿಹೋಯಿತು. ಬಾಯಿ ಬರೆದದ್ದು ನನ್ನನ್ನೇ ಕುರಿತು ಅನಿಸಿ ಮೈಯೆಲ್ಲ ಉರಿದುಹೋಯಿತು. ಬಬನ್ ಬಿಸಿನೀರು ತರಲು ಒಳಗೆ ಹೋಗಿದ್ದ. ಸುಣ್ಣದ ಕಡ್ಡಿ ಕೈಗೆ ಸಿಕ್ಕಿತು.

(ಕಥೆಗೆ ಗಂಟು ಬೇಕಾಗಿತ್ತು ಎಂಬ ನೆಪವನ್ನೂ ಇಲ್ಲಿ ಬರೆದಿದ್ದೆ. ಹೊಡೆದುಹಾಕಿದ್ದೇನೆ. ಆಗ ಕಥೆಯ ಯೋಚನೆಯೇ ಇರಲಿಲ್ಲ. ಸಿಟ್ಟಿತ್ತು ಅಷ್ಟೇ.)

ಆಮೇಲೆ ಎರಡು ದಿನ ಹಲಗೆ ಖಾಲಿ ಕಂಡಾಗ ನನಗೆ ಊಟ ಸೇರಲಿಲ್ಲ. ಮೂರು ಮನೆಯಿಂದ ಪಿಠಲ ಹೋಯಿತು ಎಂದೆನಲ್ಲ, ಅದರಲ್ಲಿ ಒಂದು ನಮ್ಮ ಮನೆಯದು.

೮

ಓದಿ ಮುಗಿಸಿ ತಲೆ ತಗ್ಗಿಸಿದೆ. ಐವತ್ತೆರಡು ವರ್ಷದವನಿಗೆ ನಾಲ್ಕನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಂತ ಹಾಗೆ ನಾಚಿಕೆಯಾಯಿತು. ಬಾಯಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಅವತ್ತ ಸಂಜೀಕ ಒರಸುವಾಗನ ಗೊತ್ತಾತು. ನಿನ್ನ ಅಕ್ಷರ ದುಂಡಗ ಅದಾವ. ಕಾನಡಿ ಕಲತ ಕೈ ಅದು. ಈ ಪ್ಯಾಟಿಯೊಳಗ ಬ್ಯಾರೆ ಯಾರ ಕೈಯೂ ಹಂಗ ತಿರಗಂಗಿಲ್ಲ."

ಹಾಗಾದರೆ ಯಾಕೆ ಹೇಳಲಿಲ್ಲ ಎಂದೆ.

"ಪ್ರಶ್ನಿ ಖರೇ ಇತ್ತಲ್ಲೋ. ಕೇಳಿದಾಂವ ಯಾರಾದ್ರೇನು?" ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡು ಹೇಳಿದರು: "ಆದ್ರ ನನಗ ಕೇಳಿದಿ, ನಾ ಉತ್ರ ಕೊಟ್ಟೆ. ನಾಳಿ ಹಲಗಿ ನಿಂದು."

ಮಡಿಲಲ್ಲಿದ್ದ ಮೆಂತ್ಯದ ಎಲೆಗಳನ್ನು ಬುಟ್ಟಿಗೆ ಕೊಡವಿ, ಸೆರಗಿನ ಗಂಟಿನಿಂದ ಅರ್ಧ ಸುಣ್ಣದ ಕಡ್ಡಿ ತೆಗೆದು ನನ್ನ ಕೈಗಿಟ್ಟು, ಒಗ್ಗರಣೆ ಹಾಕಲು ಒಳಗೆ ಹೋದರು. ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ಬಹಳ ದಿನದ ಮೇಲೆ ನೆಮ್ಮದಿಯಾಗಿತ್ತು.

೯

ಈಗ ಬೆಳಿಗ್ಗೆ ಆರು ಮುಕ್ಕಾಲು. ಸ್ಟೂಲಿನ ಮೇಲೆ ನಿಂತಿದ್ದೇನೆ. ಬಬನ್ ಕತ್ತರಿ ಹಿಡಿದು ಹಿಂದೆ ನಿಂತಿದ್ದಾನೆ. ಬಾಯಿ ಅವನ ಅಂಗಡಿಯ ಕುರ್ಚಿಯಲ್ಲಿ ಕುಳಿತು ತಟ್ಟೆಗೆ ಚಹಾ ಸುರಿದುಕೊಂಡಿದ್ದಾರೆ. ದೇಶ ಬರೆದಾಯಿತು, ಎರಡು ಗೆರೆ, ಮಳೆ ತಡವಾದದ್ದರ ಬಗ್ಗೆ. ಮನೆಯೂ ಆಯಿತು, ಬೆಳ್ಳುಳ್ಳಿಯ ಬಗ್ಗೆ. ನಡುವೆ 'ಶಾಲೆ' ಎಂದು ಬರೆದು, ಅದರ ಮುಂದೆ 'ನನ್ನ ಮಗಳು ಮುಕ್ತಾ' ಎಂದು ಬರೆದು ನಿಂತಿದ್ದೇನೆ.

ನೀವು ಇಲ್ಲಿ ಅಂತ್ಯ ಕೇಳುತ್ತೀರಿ, ಗೊತ್ತು. ಶಾಲೆ ಉಳಿಯಿತೇ? ತೀರ್ಮಾನ ಬಂದಿಲ್ಲ. ಬಂದರೂ ಅದು ನಾಳೆಯ ಹಲಗೆಗೆ. ಇವತ್ತಿನದನ್ನು ಸಂಜೆ ಒರೆಸುತ್ತಾರೆ, ಎಷ್ಟೇ ಚೆನ್ನಾಗಿ ಮುಗಿಸಿದರೂ ಒರೆಸುತ್ತಾರೆ.

"ಅಕ್ಷರ ದುಂಡಗ ಇರ್ಲಿ," ಎಂದರು ಬಾಯಿ ಹಿಂದಿನಿಂದ. "ಮುಂದ ಬರಿ."

ಬರೆದೆ. ಮೂರು ಗೆರೆಯಾಯಿತು. ಮುಕ್ತಾಳಿಗೆ ಯಾರಾದರೂ ಓದಿ ಹೇಳಲಿ ಎಂಬುದನ್ನೂ ಸೇರಿಸಿದೆ, ಬಬನ್ ಫೋಟೋ ತೆಗೆದು ಅವಳಿಗೆ ಕಳಿಸುತ್ತೇನೆ ಎಂದ. ದೀಪ ಹಚ್ಚುವ ತನಕ ಅದು ಅಲ್ಲಿರುತ್ತದೆ. ನಾನೂ ಒರೆಸುವ ಹಾಗಿಲ್ಲ.

ತಳದಲ್ಲಿ ಒಂದು ಗೆರೆಯಷ್ಟು ಜಾಗ ಬಿಟ್ಟು ಇಳಿದಿದ್ದೇನೆ. ಸುಣ್ಣದ ಕಡ್ಡಿ ಚೌಕಟ್ಟಿನ ಮೇಲಿದೆ.